ನಿಂತಿತೋ, ನಿಲ್ಲಿಸಿದರೋ?

ಕ್ರೀಡಾಪುಟ ಓದುವವರಿಗೆಲ್ಲ ಗೊತ್ತಿರೋ ಒಂದು ವಾಕ್ಯ ಇದೆ: 'ಭರವಸೆಯ ಆಟಗಾರ್ತಿಯ ಕ್ರೀಡಾಜೀವನ ಅರ್ಧಕ್ಕೇ ನಿಂತಿತು'. ಹೆಸರು, ಊರು, ವಯಸ್ಸು ಬದಲಾಗುತ್ತವೆ. ವಾಕ್ಯ ಮಾತ್ರ ಬದಲಾಗಲ್ಲ. ಅದರ ಕ್ರಿಯಾಪದವನ್ನು ಸ್ವಲ್ಪ ನೋಡಿ. ಬಸ್ಸು ಕೆಟ್ಟು ತಾನಾಗಿ ನಿಂತರೆ 'ನಿಂತಿತು' ಅಂತೀವಿ, ಡ್ರೈವರ್ ಬ್ರೇಕ್ ಹಾಕಿದರೆ 'ನಿಲ್ಲಿಸಿದ' ಅಂತೀವಿ. ಲೋಟ ಒಡೆಯಿತು ಅನ್ನೋದಕ್ಕೂ ಲೋಟ ಒಡೆದ ಅನ್ನೋದಕ್ಕೂ ಇರೋ ವ್ಯತ್ಯಾಸ ಮನೆಯಲ್ಲಿ ಬೈಸಿಕೊಂಡ ಎಲ್ಲ ಮಕ್ಕಳಿಗೂ ಗೊತ್ತು. 'ನಾನೇನೂ ಮಾಡಿಲ್ಲ, ಅದೇ ಒಡೆದುಹೋಯ್ತು' ಅಂತ ನಾವೆಲ್ಲ ಒಂದಲ್ಲ ಒಂದು ಸಲ ಹೇಳಿದವರೇ.

ಜಿಮ್ನಾಸ್ಟಿಕ್ಸ್ ಬಗ್ಗೆ ಬರೆಯುವಾಗ ದೊಡ್ಡವರೂ ಹೀಗೇ ಹೇಳುತ್ತಾರೆ. ಕಾಲು ಜಾರಿತು, ಕುತ್ತಿಗೆ ಮುರಿಯಿತು, ಕನಸು ಕಮರಿತು. ಎಲ್ಲವೂ ತಾನಾಗೇ ಆದದ್ದು. ಮಾಡಿದವರು ಯಾರೂ ಇಲ್ಲ.

ಈ ಅಭ್ಯಾಸವನ್ನು ಮುರಿಯಲು ಹೊರಟ ಪುಸ್ತಕ ಜೋನ್ ರಯಾನ್ ಅವರ 'ಲಿಟಲ್ ಗರ್ಲ್ಸ್ ಇನ್ ಪ್ರೆಟಿ ಬಾಕ್ಸಸ್'. ಚೆಂದದ ಪೆಟ್ಟಿಗೆಯೊಳಗಿನ ಪುಟ್ಟ ಹುಡುಗಿಯರು ಅಂತ ಕನ್ನಡದಲ್ಲಿ ಹೇಳಬಹುದು. ರಯಾನ್ ಅಮೆರಿಕದ ಕ್ರೀಡಾ ಪತ್ರಕರ್ತೆ. ಪುಸ್ತಕ ಬಂದದ್ದು 1995ರಲ್ಲಿ. ಜಿಮ್ನಾಸ್ಟಿಕ್ಸ್ ಮತ್ತು ಫಿಗರ್ ಸ್ಕೇಟಿಂಗಿನ ಹುಡುಗಿಯರನ್ನು ಹೇಗೆ ತಯಾರು ಮಾಡುತ್ತಾರೆ, ಹೇಗೆ ಮುರಿಯುತ್ತಾರೆ ಅನ್ನೋದೇ ಅದರ ವಸ್ತು. ಮೂರು ದಶಕವಾದರೂ ಈ ವಿಷಯದಲ್ಲಿ ಮೊದಲು ಓದಬೇಕಾದ ಪುಸ್ತಕ ಇದೇ. ಆದರೂ ಓದಿ ಮುಗಿಸಿದ ಮೇಲೆ ನನಗೊಂದು ತಕರಾರು ಉಳಿಯಿತು. ಅದನ್ನೇ ಇಲ್ಲಿ ಹೇಳಬೇಕು ಅಂತಿದ್ದೇನೆ.

ಮೊದಲು ಪುಸ್ತಕದ ಶಕ್ತಿ. ಅದರಲ್ಲಿ ಬರುವ ಒಬ್ಬ ಹುಡುಗಿ ಜೂಲಿಸಾ ಗೊಮೆಜ್. ಟೆಕ್ಸಾಸ್‌ನವಳು. ಮೇ 1988ರಲ್ಲಿ ಟೋಕಿಯೋದ ಒಂದು ಸ್ಪರ್ಧೆಗೆ ಹೋಗಿದ್ದಳು, ಆಗ ಅವಳಿಗೆ 15 ವರ್ಷ. ವಾಲ್ಟ್‌ನಲ್ಲಿ ಅವಳು ಮಾಡಬೇಕಿದ್ದದ್ದು ಯುರ್ಚೆಂಕೋ. ಸೋವಿಯತ್ ಜಿಮ್ನಾಸ್ಟ್ ನತಾಲಿಯಾ ಯುರ್ಚೆಂಕೋ 80ರ ದಶಕದ ಮೊದಲಲ್ಲಿ ತಂದ ಜಿಗಿತ ಅದು. ಅದರ ಕಷ್ಟ ಏನು ಅಂತ ತಿಳಿಯಬೇಕಾದರೆ ಮನಸ್ಸಿನಲ್ಲೇ ಒಮ್ಮೆ ಮಾಡಿ ನೋಡಿ. ವೇಗವಾಗಿ ಓಡಿಬಂದು, ನೆಲಕ್ಕೆ ಕೈಯೂರಿ ಲಾಗ ಹಾಕಿ, ಸ್ಪ್ರಿಂಗ್‌ಬೋರ್ಡಿನ ಮೇಲೆ ಬೆನ್ನು ತಿರುಗಿಸಿಕೊಂಡು ಇಳಿಯಬೇಕು. ಅಲ್ಲಿಂದ ಹಿಂದಕ್ಕೆ ಜಿಗಿದು, ಹಿಂದೆ ಇರುವ 'ಕುದುರೆ'ಯ ಮೇಲೆ ಕೈಯೂರಿ ಮೇಲಕ್ಕೆ ಹಾರಬೇಕು. ಆಗಿನ ಕುದುರೆ ಇಕ್ಕಟ್ಟಾದದ್ದು. ಪಾದ ನಾಲ್ಕು ಬೆರಳು ಆಚೀಚೆ ಆದರೂ ಲೆಕ್ಕ ತಪ್ಪುತ್ತೆ.

ಫೈನಲ್‌ಗೆ ಮುಂಚಿನ ಅಭ್ಯಾಸದಲ್ಲಿ ಜೂಲಿಸಾಳ ಪಾದ ಸ್ಪ್ರಿಂಗ್‌ಬೋರ್ಡಿನ ಮೇಲೆ ಸರಿಯಾಗಿ ಕೂರಲಿಲ್ಲ. ತಲೆ ಹೋಗಿ ಕುದುರೆಗೆ ಬಡಿಯಿತು. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರದ ಸಂಪರ್ಕ ಕಳಚಿಕೊಂಡು ಮೆದುಳಿಗೂ ಪೆಟ್ಟಾಯಿತು. ಮೂರು ವರ್ಷ ಅಪ್ಪ ಅಮ್ಮ ನೋಡಿಕೊಂಡರು. ಆಗಸ್ಟ್ 1991ರಲ್ಲಿ ತೀರಿಕೊಂಡಳು, 18ನೇ ವಯಸ್ಸಿಗೆ.

ಸಾಮಾನ್ಯ ಕ್ರೀಡಾ ವರದಿ ಇಲ್ಲಿಗೆ ಮುಗಿಯುತ್ತೆ: ಪಾದ ಜಾರಿತು. ರಯಾನ್ ಇಲ್ಲಿಂದ ಹಿಂದಕ್ಕೆ ನಡೆಯುತ್ತಾರೆ. ಈ ಜಿಗಿತ ಅವಳಿಗೆ ಕೂರುತ್ತಿರಲಿಲ್ಲ, ಅಭ್ಯಾಸದಲ್ಲೂ ಒಂದು ದಿನ ಸರಿ, ಒಂದು ದಿನ ತಪ್ಪು. ಸುತ್ತ ಇದ್ದವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಓಟದ ದಾರಿಯ ತುದಿಗೆ ನಿಲ್ಲಿಸಲಾಯಿತು, ಯಾಕೆಂದರೆ ದೊಡ್ಡ ಅಂಕ ಇದ್ದದ್ದು ಆ ಜಿಗಿತಕ್ಕೆ. ಪಾದ ಜಾರಿದ್ದು ಆ ಕ್ಷಣದಲ್ಲಿ ಹೌದು, ಆದರೆ ಜಾರುವ ಕಡೆಗೆ ಅವಳನ್ನು ಕರೆತಂದದ್ದು ತಿಂಗಳುಗಳ ನಿರ್ಧಾರಗಳು.

ಇನ್ನೊಬ್ಬಳು ಕ್ರಿಸ್ಟಿ ಹೆನ್ರಿಚ್. ಅವಳು ಎಲ್ಲೂ ಬೀಳಲಿಲ್ಲ. 1988ರ ಅಮೆರಿಕದ ಒಲಿಂಪಿಕ್ ತಂಡ ಅವಳಿಗೆ ತಪ್ಪಿದ್ದು 0.118 ಅಂಕದಿಂದ. ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ನ ಬಾರ್ಸ್‌ನಲ್ಲಿ ನಾಲ್ಕನೇ ಸ್ಥಾನ. ತೂಕ ಇಳಿಸಿಕೊಳ್ಳಬೇಕು ಅಂತ ಒಬ್ಬ ತೀರ್ಪುಗಾರರು ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಊಟ ಬಿಟ್ಟಳು. ಜುಲೈ 1994ರಲ್ಲಿ ಅಂಗಾಂಗ ವೈಫಲ್ಯದಿಂದ ಸತ್ತಾಗ ಅವಳಿಗೆ 22. ಇಲ್ಲಿ ಜಾರಿದ ಪಾದವೂ ಇಲ್ಲ, ಮುರಿದ ಮೂಳೆಯೂ ಇಲ್ಲ. 'ಅಪಘಾತ' ಅನ್ನೋ ಪದ ಉಪಯೋಗಕ್ಕೇ ಬರಲ್ಲ. ಇವಳನ್ನೂ ಜೂಲಿಸಾಳನ್ನೂ ಒಂದೇ ಪುಸ್ತಕದಲ್ಲಿ ಇಟ್ಟದ್ದು ರಯಾನ್ ಅವರ ಜಾಣತನ. ಎರಡನೆಯವಳನ್ನು ಓದಿದ ಮೇಲೆ ಮೊದಲನೆಯವಳದ್ದು ಬರೀ ಅಪಘಾತ ಅಂತ ನಂಬೋದು ಕಷ್ಟ.

ಹಾಗಾದರೆ ಮಾಡಿದವರು ಯಾರು? ರಯಾನ್ ಬೆರಳು ತೋರಿಸೋದು ಹೀಗೆ: ಮಗಳ ಮೂಲಕ ತಮ್ಮ ಕನಸು ಕಾಣುವ ತಂದೆತಾಯಿ, ಫೀಸಿನ ಮೇಲೆ ನಡೆಯುವ ಖಾಸಗಿ ಕ್ಲಬ್ಬು, ಯಾವ ಲೈಸೆನ್ಸೂ ಬೇಕಿಲ್ಲದ ಕೋಚ್, ಪದಕ ಬಿಟ್ಟು ಬೇರೇನೂ ನೋಡದ ಫೆಡರೇಷನ್, ಗೊಂಬೆಯಂಥ ಹುಡುಗಿಯರನ್ನೇ ಕೇಳುವ ಟಿವಿ. ಅಂಗಡಿಯ ಗಲ್ಲಾದಲ್ಲಿ 13ರ ಮಗು ವಾರಕ್ಕೆ 40 ಗಂಟೆ ಕೂತರೆ ಕಾನೂನು ಬಿಡಲ್ಲ, ಅದೇ ಮಗು ಜಿಮ್ಮಿನಲ್ಲಿ ಅಷ್ಟೇ ಗಂಟೆ ದುಡಿದರೆ ಸರ್ಕಾರ ತಿರುಗಿಯೂ ನೋಡಲ್ಲ ಅನ್ನೋದು ಅವರ ವಾದದ ತಿರುಳು. ಅಂದರೆ ಸರ್ಕಾರ ಒಳಗೆ ಬರಬೇಕು, ಕಣ್ಣಿಡಬೇಕು.

ನನ್ನ ತಕರಾರು ಶುರುವಾಗೋದು ಇಲ್ಲಿ. ಸರ್ಕಾರ ಆಗಲೇ ಒಳಗಿದ್ದ ಒಂದು ದೇಶ ಇತ್ತು. ಅಲ್ಲೊಬ್ಬ ಹುಡುಗಿ ಇದ್ದಳು.

ಯೆಲೆನಾ ಮುಖಿನಾ ಹುಟ್ಟಿದ್ದು 1960ರಲ್ಲಿ, ಮಾಸ್ಕೋದಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು, ಬೆಳೆಸಿದ್ದು ಅಜ್ಜಿ. ಮಗಳ ಮೂಲಕ ಕನಸು ಕಾಣೋಕೆ ಅಪ್ಪ ಅಮ್ಮ ಜೊತೆಗಿರಲಿಲ್ಲ. ಅವಳ ಕ್ಲಬ್ಬು ಸೇನೆಯದ್ದು, ಅಂದರೆ ಸರ್ಕಾರದ್ದು. ಕೋಚ್ ಮಿಖಾಯಿಲ್ ಕ್ಲಿಮೆಂಕೋ ಸರ್ಕಾರದ ಸಂಬಳದವರು, ಅದಕ್ಕೆ ಮೊದಲು ಗಂಡಸರಿಗೆ ತರಬೇತಿ ಕೊಡುತ್ತಿದ್ದವರು. ಡಾಕ್ಟರೂ ಸರ್ಕಾರದವರೇ. ರಯಾನ್ ಪಟ್ಟಿ ಮಾಡುವ ಫೀಸು, ಜಾಹೀರಾತು, ಟಿವಿ ಕಂಪನಿ ಯಾವುದೂ ಅಲ್ಲಿಲ್ಲ.

1978ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮುಖಿನಾ ಆಲ್‌ರೌಂಡ್ ಚಿನ್ನ ಗೆದ್ದಳು. ಹಿಂದೆ ಉಳಿದವರು ಸಾಮಾನ್ಯರಲ್ಲ, ನೆಲ್ಲಿ ಕಿಮ್ ಮತ್ತು ನಾದಿಯಾ ಕೊಮನೆಚಿ. ಎರಡು ವರ್ಷಕ್ಕೆ ಸರಿಯಾಗಿ ತವರಿನಲ್ಲೇ, ಮಾಸ್ಕೋದಲ್ಲೇ, ಒಲಿಂಪಿಕ್ಸ್. 'ಭರವಸೆಯ' ಅನ್ನೋ ಗುಣವಾಚಕ ಯಾರಿಗಾದರೂ ಸಲ್ಲುವುದಿದ್ದರೆ ಇವಳಿಗೆ ಸಲ್ಲಬೇಕು.

1979ರಲ್ಲಿ ಅವಳ ಕಾಲು ಮುರಿಯಿತು. ಅದೇ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೋವಿಯತ್ ಹೆಂಗಸರ ತಂಡ ರುಮೇನಿಯಾಕ್ಕೆ ಸೋತಿತು. ಮನೆಯಂಗಳದ ಒಲಿಂಪಿಕ್ಸಿಗೆ ಮುಂಚೆ ಇಂಥ ಸೋಲು ಅಂದರೆ ಮೇಲಿನವರಿಗೆ ಹೇಗಾಗಿರಬೇಕು, ಯೋಚಿಸಿ. ಕಾಲಿನ ಮೂಳೆ ಪೂರ್ತಿ ಕೂಡುವ ಮೊದಲೇ ಅವಳನ್ನು ಜಿಮ್ಮಿಗೆ ತಂದರು. ನೆಲದ ವ್ಯಾಯಾಮಕ್ಕೆ ಹೊಸದೊಂದು ಲಾಗ ಸೇರಿಸಲಾಯಿತು, ಥಾಮಸ್ ಸಾಲ್ಟೋ. ಅಮೆರಿಕದ ಕರ್ಟ್ ಥಾಮಸ್ ಹೆಸರಿನದು, ಗಂಡಸರದ್ದು. ಗಾಳಿಯಲ್ಲಿ ಒಂದೂವರೆ ಸುತ್ತು ಉರುಳುತ್ತಾ, ಅದರೊಳಗೇ ಒಂದೂವರೆ ಸುತ್ತು ತಿರುಚಿ, ಕೊನೆಗೆ ಕಾಲಿನ ಮೇಲೆ ಇಳಿಯದೆ ನೆಲದ ಮೇಲೆ ಮುಂದಕ್ಕೆ ಉರುಳಿಕೊಳ್ಳಬೇಕು. ಎತ್ತರ ಸ್ವಲ್ಪ ಕಮ್ಮಿಯಾದರೂ ಮೊದಲು ನೆಲ ಮುಟ್ಟೋದು ತಲೆ. ಎತ್ತರ ಕೊಡಬೇಕಾದದ್ದು ಕಾಲು, ಅವಳಲ್ಲಿ ಸೋತಿದ್ದದ್ದೂ ಕಾಲೇ.

1980ರ ಜುಲೈ 3, ಮಿನ್ಸ್ಕ್. ಒಲಿಂಪಿಕ್ಸಿಗೆ ಉಳಿದಿದ್ದದ್ದು ಎರಡು ವಾರ ಚಿಲ್ಲರೆ. ಅಭ್ಯಾಸದಲ್ಲಿ ಎತ್ತರ ಸಾಲದೆ ಮುಖಿನಾಳ ಗದ್ದ ನೆಲಕ್ಕೆ ಬಡಿಯಿತು. ಕುತ್ತಿಗೆ ಮುರಿದು, ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಅವಳಿಗೆ 20 ವರ್ಷ. ಮಾಸ್ಕೋದಲ್ಲಿ ಸೋವಿಯತ್ ತಂಡ ಚಿನ್ನ ಗೆದ್ದಿತು, ಇವಳಿಲ್ಲದೆಯೇ. ಆ ಲಾಗಕ್ಕೆ ಹೆಸರು ಕೊಟ್ಟ ಕರ್ಟ್ ಥಾಮಸ್ ಕೂಡ ಅಲ್ಲಿರಲಿಲ್ಲ, ಅಮೆರಿಕ ಆ ಒಲಿಂಪಿಕ್ಸನ್ನು ಬಹಿಷ್ಕರಿಸಿತ್ತು.

80ರ ದಶಕದ ಕೊನೆಯಲ್ಲಿ, ಮಾತಾಡಲು ಬಿಡುವ ಗಾಳಿ ಬೀಸಿದ ಮೇಲೆ, ಮುಖಿನಾ 'ಒಗೊನ್ಯೋಕ್' ಪತ್ರಿಕೆಯವರ ಜೊತೆ ಮಾತಾಡಿದಳು. ಈ ಲಾಗದಲ್ಲಿ ಕುತ್ತಿಗೆ ಮುರಿದುಕೊಳ್ಳುತ್ತೇನೆ ಅಂತ ಕೋಚ್‌ಗೆ ಮುಂಚೆಯೇ ಹೇಳಿದ್ದಳಂತೆ. ನಿನ್ನಂಥವರು ಕುತ್ತಿಗೆ ಮುರಿದುಕೊಳ್ಳಲ್ಲ ಅನ್ನೋ ಅರ್ಥದ ಉತ್ತರ ಬಂತಂತೆ. ಬಿದ್ದು ಮಲಗಿದ್ದಾಗ ಮೊದಲು ಹೊಳೆದದ್ದು, ಸದ್ಯ, ಇನ್ನು ಒಲಿಂಪಿಕ್ಸಿಗೆ ಹೋಗಬೇಕಾಗಿಲ್ಲ ಅಂತ. ಈ ಮಾತನ್ನು ಓದಿ ನಾನು ಪುಸ್ತಕ, ಪತ್ರಿಕೆ ಎಲ್ಲ ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾವು ಯಾವುದನ್ನು 'ಕಮರಿದ ಕನಸು' ಅಂತ ಬರೆಯುತ್ತೇವೋ ಅದು ಆ ಹುಡುಗಿಗೆ ಕಡೆಗೂ ಸಿಕ್ಕ ರಜೆ.

ಅದೇ ಸಂದರ್ಶನದಲ್ಲಿ ಅವಳು ಇನ್ನೊಂದು ಮಾತು ಹೇಳುತ್ತಾಳೆ. ಕೋಚ್ ಒಬ್ಬರ ಮೇಲೇ ಎಲ್ಲ ಹೊರಿಸಲು ಅವಳು ಒಪ್ಪಲ್ಲ. ಅವರೂ ಆ ವ್ಯವಸ್ಥೆಯ ಬಲಿಪಶು ಅಂತಾಳೆ. ಮತ್ತೆ ಯಾಕೆ ಹೀಗಾಯಿತು ಅಂದರೆ, ಸುತ್ತ ಇದ್ದವರೆಲ್ಲ ತಟಸ್ಥರಾಗಿ, ಬಾಯಿಮುಚ್ಚಿಕೊಂಡು ಇದ್ದದ್ದರಿಂದ. ತಂಡದ ಮರ್ಯಾದೆ, ದೇಶದ ಬಾವುಟ ಅನ್ನೋ ದೊಡ್ಡ ದೊಡ್ಡ ಮಾತುಗಳ ಹಿಂದೆ ಮನುಷ್ಯರು ಕಾಣೋದೇ ಇಲ್ಲ ಅನ್ನೋದು ಅವಳ ದೂರು. ನಮ್ಮ ವಾಕ್ಯದಲ್ಲಿ ಕಾಣೆಯಾಗಿದ್ದ ಕರ್ತೃಪದವನ್ನು ಅವಳೇ ತುಂಬಿಕೊಟ್ಟಿದ್ದಾಳೆ. ಒಬ್ಬ ಖಳನಾಯಕ ಅಲ್ಲ, ಕೋಣೆಯಲ್ಲಿದ್ದ ಎಲ್ಲರೂ.

ಈಗ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜೂಲಿಸಾಳದ್ದು ಖಾಸಗಿ ಕ್ಲಬ್ಬು, ಮುಖಿನಾಳದ್ದು ಸರ್ಕಾರಿ. ಒಬ್ಬಳಿಗೆ ಜೊತೆಗೆ ನಿಂತ ಅಪ್ಪ ಅಮ್ಮ, ಇನ್ನೊಬ್ಬಳಿಗೆ ಅಜ್ಜಿ ಮಾತ್ರ. ಒಂದು ಕಡೆ ಡಾಲರು, ಇನ್ನೊಂದು ಕಡೆ ಬಾವುಟ. ಎರಡೂ ಮುಗಿದದ್ದು ಮುರಿದ ಕುತ್ತಿಗೆಯಲ್ಲಿ. ಹಾಗಾಗಿ ರಯಾನ್ ಕೊಡುವ ಕಾರಣಗಳು ಸುಳ್ಳಲ್ಲ, ಆದರೆ ಸಾಲಲ್ಲ. ಅವರು ಬರೆದದ್ದು ಅಮೆರಿಕದ ಕಾಯಿಲೆಯ ವಿವರ, ಕಾಯಿಲೆ ಮಾತ್ರ ಅಮೆರಿಕದ್ದಷ್ಟೇ ಅಲ್ಲ.

ಎರಡೂ ಕಡೆ ಸಮಾನವಾಗಿ ಇದ್ದದ್ದು ಎರಡು. ಒಂದು ಅಂಕದ ಪುಸ್ತಕ. ಆ ದಶಕಗಳ ಜಿಮ್ನಾಸ್ಟಿಕ್ಸ್ ನಿಯಮಗಳಲ್ಲಿ ಅಪಾಯಕ್ಕೇ, ಹೌದು, 'ರಿಸ್ಕ್' ಅನ್ನೋ ಹೆಸರಿನಲ್ಲೇ, ಬೋನಸ್ ಅಂಕ ಇರುತ್ತಿತ್ತು. ಯಾವುದಕ್ಕೆ ಬೆಲೆ ಕಟ್ಟುತ್ತೀರೋ ಅದನ್ನು ಜನ ಬೆಳೆಯುತ್ತಾರೆ, ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇನ್ನೊಂದು, 'ನನ್ನ ಕೈಲಾಗಲ್ಲ' ಅನ್ನೋ ಹುಡುಗಿಯ ಮಾತಿಗೆ ಬೆಲೆಯೇ ಇಲ್ಲದಿದ್ದದ್ದು. ಆ ಮಾತನ್ನು ಹೆದರಿಕೆ ಅಂತಲೋ ಸೋಮಾರಿತನ ಅಂತಲೋ ತಳ್ಳಿಹಾಕುವ ಹಕ್ಕು ಪಕ್ಕದಲ್ಲಿ ನಿಂತ ದೊಡ್ಡವರಿಗೆ ಇತ್ತು.

ಮೊದಲನೆಯದನ್ನು ಸರಿ ಮಾಡೋದು ಅಸಾಧ್ಯವೇನೂ ಆಗಿರಲಿಲ್ಲ. ಜೂಲಿಸಾ ಬಿದ್ದ ಮರುವರ್ಷ, 1989ರಲ್ಲಿ, ಯುರ್ಚೆಂಕೋ ಮಾಡುವವರಿಗೆ ಸ್ಪ್ರಿಂಗ್‌ಬೋರ್ಡಿನ ಸುತ್ತ ಕುದುರೆಲಾಳದ ಆಕಾರದ ಮೆತ್ತೆ ಬಂತು. 2001ರಲ್ಲಿ ಇಕ್ಕಟ್ಟಾದ ಕುದುರೆ ಹೋಗಿ ಅಗಲವಾದ ಟೇಬಲ್ ಬಂತು. ಇವತ್ತು ವಾಲ್ಟ್ ಸ್ಪರ್ಧೆ ನೋಡಿದರೆ ಹೆಚ್ಚು ಹುಡುಗಿಯರು ಮಾಡೋದು ಅದೇ ಯುರ್ಚೆಂಕೋ ಜಾತಿಯ ಜಿಗಿತಗಳನ್ನು. ಥಾಮಸ್ ಸಾಲ್ಟೋ ಹೆಂಗಸರ ಸ್ಪರ್ಧೆಯಲ್ಲಿ ನಿಷೇಧವಾಯಿತು. ಉರುಳಿಕೊಂಡು ಇಳಿಯುವ ಲಾಗಗಳು 2017ರ ನಿಯಮಾವಳಿಯಲ್ಲಿ ಗಂಡಸರಿಗೂ ನಿಷೇಧವಾದವು. ಒಂದು ಮೆತ್ತೆಯಿಂದ, ಒಂದು ನಿಯಮದಿಂದ ತಪ್ಪಿಸಬಹುದಾಗಿದ್ದದ್ದನ್ನು 'ವಿಧಿ' ಅನ್ನೋದು ಹೇಗೆ? ಮೆತ್ತೆ ಹಾಕಬಹುದಾದವರು ಇದ್ದರು, ಹಾಕಿರಲಿಲ್ಲ ಅಂತ ಬರೆಯಬೇಕಲ್ವಾ?

ಎರಡನೆಯದು ಮೆತ್ತೆಯಷ್ಟು ಸುಲಭ ಅಲ್ಲ. ಮತ್ತು ಅದರಲ್ಲಿ ನಮ್ಮ ಪಾಲೂ ಇದೆ.

2016ರ ಆಗಸ್ಟ್ 14ರ ರಾತ್ರಿ ನೆನಪಿಸಿಕೊಳ್ಳಿ. ರಿಯೋದಲ್ಲಿ ವಾಲ್ಟ್ ಫೈನಲ್. ತ್ರಿಪುರಾದ ದೀಪಾ ಕರ್ಮಾಕರ್, ಒಲಿಂಪಿಕ್ಸಿಗೆ ಹೋದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್. ಅವರು ಮಾಡಲಿದ್ದದ್ದು ಪ್ರೊಡುನೋವಾ. ಟೇಬಲ್ ಮೇಲೆ ಕೈಯೂರಿ ಹಾರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ. ಇಳಿಯುವಾಗ ನೆಲ ಎಲ್ಲಿದೆ ಅಂತ ಕಾಣೋದೇ ಕೊನೆಗೆ. ಟಿವಿಯವರು, ಪತ್ರಿಕೆಯವರು ಅದಕ್ಕೆ ಇಟ್ಟ ಹೆಸರು 'ಸಾವಿನ ವಾಲ್ಟ್'. ಹಾಗಂತ ಹೇಳಿ ಹೇಳಿಯೇ ನಮ್ಮನ್ನು ಎಬ್ಬಿಸಿ ಕೂರಿಸಿದರು. ನಾವೂ ಕೂತೆವು. ದೀಪಾ ಕಾಲಿನ ಮೇಲೇ ಇಳಿದರು, ಪೂರ್ತಿ ಕುಕ್ಕರಗಾಲಲ್ಲಿ ಕೂತ ಹಾಗಾಗಿ ಎದ್ದು ನಿಂತರು. 15.066 ಅಂಕ, ನಾಲ್ಕನೇ ಸ್ಥಾನ, ಕಂಚು ತಪ್ಪಿದ್ದು 0.150ರಿಂದ.

ದೀಪಾ ಆಗ ವಯಸ್ಸಿಗೆ ಬಂದವರು, 23ರವರು. ವರ್ಷಗಟ್ಟಲೆ ತಯಾರಿ ಮಾಡಿಕೊಂಡು, ತಿಳಿದೇ ಆರಿಸಿಕೊಂಡ ಜಿಗಿತ. ಅವರ ಧೈರ್ಯ, ಶ್ರಮದ ಬಗ್ಗೆ ನನ್ನ ಒಂದು ಮಾತೂ ಇಲ್ಲ. ನಾನು ಕೇಳ್ತಿರೋದು ನಮ್ಮ ಚಪ್ಪಾಳೆಯ ಬಗ್ಗೆ. ಸರಿಯಾದ ಸಲಕರಣೆಯೂ ಇಲ್ಲದ ಕಡೆಯಿಂದ ಬಂದ ಜಿಮ್ನಾಸ್ಟ್‌ಗೆ ಫೈನಲ್ ತಲುಪುವ ದಾರಿ ಯಾಕೆ ಅತಿ ಅಪಾಯದ ಜಿಗಿತವೇ ಆಗಬೇಕಾಯಿತು ಅಂತ ಕೇಳಬೇಕಿತ್ತು. ಕೇಳೋ ಬದಲು ಆ ಅಪಾಯವನ್ನೇ ದೇಶಭಕ್ತಿ ಮಾಡಿಬಿಟ್ಟೆವು. 'ಪ್ರಾಣ ಪಣಕ್ಕಿಟ್ಟು' ಅನ್ನೋದು ಹೊಗಳಿಕೆಯ ಮಾತಾಯಿತು. ಆ ಜಿಗಿತಕ್ಕೆ ಆಗ ಕಟ್ಟಿದ್ದ ಕಾಠಿಣ್ಯದ ಬೆಲೆ 7.0, ಮುಂದಿನ ನಿಯಮಾವಳಿಯಲ್ಲಿ ಅದನ್ನು ಇಳಿಸಿದರು. ಅಂಕ ಕೊಡುವವರಿಗೆ ಬಂದ ಬುದ್ಧಿ ನೋಡುವ ನಮಗೆ ಬಂದಿದೆಯಾ ಅನ್ನೋದು ಬೇರೆ ಮಾತು.

ಅದೇ ರಾತ್ರಿ ಚಿನ್ನ ಗೆದ್ದವರು ಸಿಮೋನ್ ಬೈಲ್ಸ್. ಪ್ರೊಡುನೋವಾ ಮಾಡ್ತೀರಾ ಅಂತ ಮುಂಚೆ ಯಾರೋ ಕೇಳಿದ್ದಕ್ಕೆ, ಸಾಯೋಕೆ ಹೊರಟಿಲ್ಲ ನಾನು ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟಿದ್ದರು. ಐದು ವರ್ಷದ ಮೇಲೆ, ಟೋಕಿಯೋದ ತಂಡ ಫೈನಲ್‌ನಲ್ಲಿ, ಎರಡೂವರೆ ತಿರುಚು ಮಾಡಬೇಕಾದ ವಾಲ್ಟ್‌ನಲ್ಲಿ ಒಂದೂವರೆಗೇ ದಿಕ್ಕು ತಪ್ಪಿದ ಅನುಭವ ಆಯಿತು. ಗಾಳಿಯಲ್ಲಿ ತಾನೆಲ್ಲಿದ್ದೇನೆ ಅಂತ ತಿಳಿಯದ ಆ ಸ್ಥಿತಿಗೆ ಜಿಮ್ನಾಸ್ಟರು 'ಟ್ವಿಸ್ಟೀಸ್' ಅಂತಾರೆ. ಬೈಲ್ಸ್ ಅಲ್ಲಿಗೇ ಹಿಂದೆ ಸರಿದರು. ತಂಡಕ್ಕೆ ಬೆಳ್ಳಿ ಬಂತು. ಅಂಜುಬುರುಕಿ, ದೇಶದ ಮಾನ ಕಳೆದಳು ಅಂತ ಬೈದವರು ಕಮ್ಮಿ ಇರಲಿಲ್ಲ. 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದರು.

ಮುಖಿನಾ ಹೇಳಿದ 'ಆಗಲ್ಲ' ಮತ್ತು ಬೈಲ್ಸ್ ಹೇಳಿದ 'ಆಗಲ್ಲ' ಒಂದೇ. ಕೇಳಿಸಿಕೊಂಡವರು ಬೇರೆ. ಆದರೆ ಖುಷಿಪಡುವ ಮೊದಲು ಒಂದು ಯೋಚಿಸಿ: ಟೋಕಿಯೋಗೆ ಬಂದಾಗ ಬೈಲ್ಸ್ ಹತ್ತಿರ ಆಗಲೇ ನಾಲ್ಕು ಒಲಿಂಪಿಕ್ ಚಿನ್ನ ಇದ್ದವು. ಅಷ್ಟಿದ್ದೂ ಬೈಸಿಕೊಂಡರು. ಪದಕ ಒಂದೂ ಇಲ್ಲದ, ಯಾವುದೋ ಊರಿನ ಜಿಮ್ಮಿನಲ್ಲಿ ಫೋಮ್ ಗುಂಡಿಯ ಅಂಚಿಗೆ ನಿಂತ 13ರ ಹುಡುಗಿ ಅದನ್ನೇ ಹೇಳಿದರೆ?

ಈ ಪ್ರಶ್ನೆಯಿಂದ ತಿರುಗಿ ರಯಾನ್ ಪುಸ್ತಕಕ್ಕೆ ಬಂದರೆ, ಶೀರ್ಷಿಕೆಯೇ ಸ್ವಲ್ಪ ಕಸಿವಿಸಿ ಮಾಡುತ್ತೆ. ಪುಟ್ಟ ಹುಡುಗಿಯರು, ಚೆಂದದ ಪೆಟ್ಟಿಗೆ. ವ್ಯಂಗ್ಯ ಅಂತ ಗೊತ್ತು. ಆದರೂ ಅದು ಕರೆಯೋದು ಕನಿಕರವನ್ನು. ಕನಿಕರ ಪಡುವವರು ಹುಡುಗಿಯನ್ನು ನೋಡುತ್ತಾರೆ, ಅವಳ ಮಾತು ಕೇಳಲೇಬೇಕು ಅಂತೇನಿಲ್ಲ. ಹುಡುಗಿಯರು ಹೇಳಿದರೂ ದೊಡ್ಡವರು ಕೇಳದೇ ಹೋದದ್ದರ ಫಲ ಏನು ಅಂತ ಜನವರಿ 2018ರಲ್ಲಿ ಅಮೆರಿಕ ನೋಡಿತು. ರಾಷ್ಟ್ರೀಯ ತಂಡದ ಡಾಕ್ಟರಾಗಿದ್ದ ಲ್ಯಾರಿ ನಾಸರ್ ವಿರುದ್ಧ ಕೋರ್ಟಿನಲ್ಲಿ ಎದ್ದು ನಿಂತು ಮಾತಾಡಿದವರು 150ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಅವರಲ್ಲಿ ಕೆಲವರು ಅದಕ್ಕೆ ಎಷ್ಟೋ ವರ್ಷ ಮೊದಲೇ ದೊಡ್ಡವರಿಗೆ ಹೇಳಿದ್ದರು. ಅಲ್ಲಿ ಕೊರತೆಯಾಗಿದ್ದದ್ದು ಕನಿಕರವಲ್ಲ, ಕಿವಿ.

ಇಷ್ಟು ಹೇಳಿಯೂ ಪುಸ್ತಕ ಓದಿ ಅಂತಲೇ ಹೇಳ್ತೇನೆ. ಮಕ್ಕಳನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಕೋಚಿಂಗಿಗೆ ಬಿಡುವ ಅಪ್ಪ ಅಮ್ಮಂದಿರು ಓದಲೇಬೇಕು. ಅದು ಜಿಮ್ನಾಸ್ಟಿಕ್ಸೇ ಆಗಬೇಕಿಲ್ಲ, ಈಜು, ಟೆನಿಸ್ ಏನಾದರೂ ಸರಿ. ಓದುವಾಗ ಪಕ್ಕದಲ್ಲಿ ಮುಖಿನಾಳನ್ನೂ ಇಟ್ಟುಕೊಳ್ಳಿ. ದುಡ್ಡಿನಾಸೆಯ ಕ್ಲಬ್ಬು, ದುರಾಸೆಯ ಅಪ್ಪ ಅಮ್ಮ ನಾವಲ್ಲ ಅಂತ ಪುಸ್ತಕ ಮುಚ್ಚಿಡುವುದು ಸುಲಭ. ನೋಡುತ್ತಾ ಸುಮ್ಮನೆ ನಿಂತವರು ನಾವಲ್ಲ ಅಂತ ಹೇಳೋದು ಅಷ್ಟು ಸುಲಭ ಅಲ್ಲ.

ಇನ್ನೊಂದು ಸಣ್ಣ ವಿಷಯ. ಮುಖಿನಾಳ ಕಥೆ ಹೇಳುವವರು ಹೆಚ್ಚಾಗಿ 1980ಕ್ಕೇ ಮುಗಿಸಿಬಿಡುತ್ತಾರೆ. ಅವಳು ತೀರಿಕೊಂಡದ್ದು ಡಿಸೆಂಬರ್ 2006ರಲ್ಲಿ, 46ನೇ ವಯಸ್ಸಿಗೆ. ನಮ್ಮ ವಾಕ್ಯ 'ನಿಂತಿತು' ಅಂತ ಪೂರ್ಣವಿರಾಮ ಹಾಕಿದ ಮೇಲೆ 26 ವರ್ಷ ಮಾಸ್ಕೋದ ಮನೆಯೊಂದರಲ್ಲಿ ಬದುಕಿದ್ದಳು. ಮತ್ತೆ ಯಾವಾಗ ಸ್ಪರ್ಧೆಗೆ ಇಳಿಯುತ್ತೀರಿ ಅಂತ ಅಭಿಮಾನಿಗಳು ಅವಳಿಗೆ ಪತ್ರ ಬರೆಯುತ್ತಿದ್ದರಂತೆ. ಏನಾಗಿದೆ ಅಂತ ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ.